ಚುಕ್ಕಿಗೆ ಹಾರಿಸಿದ ಗುಂಡು

ಕೊಡಗಿನ ಬಾಳೆಲೆ ಊರಿನ ಕಡೆ ಚೋಂದಮ್ಮನವರ ಹೆಸರು ಎತ್ತಿದರೆ ಜನ ಮೊದಲು ಅವರ ಬಾಯಿಯ ಬಗ್ಗೆ ಹೇಳುತ್ತಾರೆ, ಆಮೇಲೆ ಅವರ ಕಾಫಿಯ ಬಗ್ಗೆ. ಆಕಾಶದ ವಿಷಯ ಬಂದರೆ ನಗುತ್ತಾರೆ. ನಗಲಿ. ಅವರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು ನಾನು, ನಡೆದದ್ದನ್ನು ಕಣ್ಣಾರೆ ಕಂಡವನು ನಾನು. ಕಾಣದವರು ಉಪ್ಪು ಖಾರ ಹಚ್ಚಿ ಹೇಳುವುದನ್ನು ಕೇಳಿ ಕೇಳಿ ಸಾಕಾಗಿ ಇದನ್ನು ಬರೆಯಲು ಕೂತಿದ್ದೇನೆ.

ನನ್ನ ಹೆಸರು ಪುಟ್ಟಸ್ವಾಮಿ. ನಮ್ಮ ಹಿರಿಯರು ಹಾಸನ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡವರು. ನಾನು ಕೆಲಸ ಹುಡುಕಿಕೊಂಡು ದಕ್ಷಿಣಕ್ಕೆ ಇಳಿದೆ. ಕೊಡಗು ಆಗ ತನ್ನದೇ ಒಂದು ರಾಜ್ಯ. ಮಂತ್ರಿಗಳೂ ವಿಧಾನಸಭೆಯೂ ಮಡಿಕೇರಿಯಲ್ಲೇ. ಇಡೀ ಸರ್ಕಾರವನ್ನು ಒಂದೇ ಬಸ್ಸಿನಲ್ಲಿ ಕೂರಿಸಬಹುದು ಎಂದು ಚೋಂದಮ್ಮನವರು ತಮಾಷೆ ಮಾಡುತ್ತಿದ್ದರು. ಅವರು ನನ್ನ ಜೊತೆ ಕನ್ನಡ ಆಡುತ್ತಿದ್ದರು, ತಮ್ಮವರ ಜೊತೆ ಕೊಡವ ಭಾಷೆ. ಆ ಮಾತನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಎಲ್ಲಾದರೂ ತಪ್ಪಿದ್ದರೆ ಅದು ನನ್ನ ಕಿವಿಯ ತಪ್ಪು.

ಅವರ ಗಂಡ ಪಟಾಲಮ್ಮಿನಲ್ಲಿದ್ದು ಬರ್ಮಾದ ಯುದ್ಧದಲ್ಲಿ ತೀರಿಕೊಂಡರು. ಆಗ ಮಗಳು ಪೂವಮ್ಮ ಇನ್ನೂ ಚಿಕ್ಕವಳು. ತೋಟವನ್ನು ಗೇಣಿಗೆ ಕೊಟ್ಟು ತವರಿಗೆ ಹೋಗಿ ಕೂರು ಎಂದು ಹತ್ತು ಜನ ಹೇಳಿದರಂತೆ. "ನನಗೆ ಕೈಕಾಲು ಉಂಟಲ್ಲ, ಅದು ಎಂತಕ್ಕೆ ಮತ್ತೆ?" ಎಂದು ಕೇಳಿ ಗಂಡನ ಬೂಟಿಗೆ ಬಟ್ಟೆ ತುರುಕಿ ಹಾಕಿಕೊಂಡು ತೋಟಕ್ಕೆ ಇಳಿದರು. ನಾನು ಸೇರುವ ಹೊತ್ತಿಗೆ ಕೆಲಸದಲ್ಲಿ ಅವರ ಕಣ್ಣು ತಪ್ಪಿಸುವವರು ಕೂಲಿಯವರ ಲೈನಿನಲ್ಲಿ ಒಬ್ಬರೂ ಉಳಿದಿರಲಿಲ್ಲ. ಒಂದೇ ಒಂದು ದೋಷ ಎಂದರೆ, ತನ್ನಿಂದ ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಹೊರಡುತ್ತಿರಲಿಲ್ಲ. ಒಮ್ಮೆ ಒಂದು ಹಲಸಿನ ಮರ ಒಳಗೆ ಪೊಳ್ಳಾಗಿದೆ ಎಂದು ಹಟ ಹಿಡಿದು ಕಡಿಸಿದರು. ಮರ ಕಬ್ಬಿಣದ ಹಾಗಿತ್ತು. "ಇನ್ನೆರಡು ವರ್ಷ ಬಿಟ್ಟಿದ್ದರೆ ಪೊಳ್ಳಾಗ್ತಿತ್ತು ರೈಟ್ರೇ," ಎಂದು ಹೇಳಿ ಮುಂದಕ್ಕೆ ನಡೆದರು.

ದುರ್ಬೀನು ಮನೆಗೆ ಬಂದದ್ದೂ ಇಂಥ ಹಟದಿಂದಲೇ. ಸ್ವಾತಂತ್ರ್ಯ ಬಂದ ಮೇಲೆ ಇಂಗ್ಲಿಷ್ ದೊರೆಗಳು ಒಬ್ಬೊಬ್ಬರಾಗಿ ತೋಟ ಮಾರಿ ಹೊರಟರು. ಹೊರಡುವ ಮುಂಚೆ ಬಂಗಲೆಯ ಸಾಮಾನೆಲ್ಲ ಹರಾಜಿಗೆ ಬರುತ್ತಿತ್ತು. ಬೇರೆಯವರು ಮಂಚ, ಕುರ್ಚಿ, ಪಿಂಗಾಣಿ ಎಂದು ಕೂಗುತ್ತಿರುವಾಗ ಚೋಂದಮ್ಮನವರು ಆಳುದ್ದದ ಹಿತ್ತಾಳೆ ಕೊಳವೆಯೊಂದನ್ನು ಕೊಂಡು ಎತ್ತಿನ ಗಾಡಿಯಲ್ಲಿ ತಂದರು. ಆಚೆ ಗುಡ್ಡದ ಬೇಲಿ ದಾಟಿ ಬರುವ ಕಾಫಿ ಕಳ್ಳರನ್ನು ಜಗಲಿಯಿಂದಲೇ ಹಿಡಿಯುವುದು ಅವರ ಲೆಕ್ಕಾಚಾರ. ಮರುದಿನ ಬೆಳಿಗ್ಗೆ ಕೊಳವೆಗೆ ಕಣ್ಣಿಟ್ಟು ನೋಡಿದರೆ ಕಾಫಿ ಹಣ್ಣು ಕೀಳಲು ಹೋದ ಹೆಂಗಸರೆಲ್ಲ ಬಾವಲಿಗಳ ಹಾಗೆ ತಲೆಕೆಳಗಾಗಿ ತೂಗುತ್ತಿದ್ದರು. ಅದು ನಕ್ಷತ್ರ ನೋಡುವ ದುರ್ಬೀನು. ಅದರಲ್ಲಿ ಕಾಣುವುದೆಲ್ಲ ತಲೆಕೆಳಗೇ ಎಂದು ಆಮೇಲೆ ಗೊತ್ತಾಯಿತು.

ನಾನು ನಗು ತಡೆಯಲು ಆಗದೆ ಕೆಮ್ಮಿದೆ. ಅವರು ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ, ಕೊಳವೆಯ ಮೂತಿಯನ್ನು ಮೇಲಕ್ಕೆ ತಿರುಗಿಸಿದರು. "ಆಕಾಶಕ್ಕೆ ಎಂತ ಮೇಲೆ, ಎಂತ ಕೆಳಗೆ?" ಎಂದರು.

ಅಲ್ಲಿಂದ ಶುರುವಾಯಿತು. ದುರ್ಬೀನಿನ ಪೆಟ್ಟಿಗೆಯಲ್ಲಿ ನಕ್ಷತ್ರಗಳ ನಕ್ಷೆಯ ಪುಸ್ತಕವೊಂದಿತ್ತು. ಪೂವಮ್ಮ ಮಡಿಕೇರಿಯಲ್ಲಿ ಓದಿ ಬಂದಿದ್ದಳು, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಮಗಳು ಪುಸ್ತಕ ಓದಿ ಹೇಳುವುದು, ತಾಯಿ ಕೊಳವೆ ತಿರುಗಿಸಿ ಹುಡುಕುವುದು. ಕತ್ತಲಾದ ಮೇಲೆ, ಊಟಕ್ಕೆ ಮೊದಲು, ಕಾಫಿ ಒಣಗಿಸುವ ಕಣವೇ ಅವರ ಜಾಗ. ಕಂಡದ್ದನ್ನು ಗುರುತು ಮಾಡಲು ತಾಯಿ ಮಗಳು ತಮ್ಮದೇ ಒಂದು ದಾರಿ ಮಾಡಿಕೊಂಡಿದ್ದರು. ಮೊರಕ್ಕೆ ಸಗಣಿ ಸಾರಿಸಿ, ಅದು ಹಸಿಯಾಗಿರುವಾಗ ಬಿಳಿಚು ಸಿಪ್ಪೆಯ ಕಾಫಿ ಬೀಜಗಳನ್ನು ನಕ್ಷತ್ರಗಳ ಲೆಕ್ಕದಲ್ಲಿ ಒತ್ತುವುದು. ಒಣಗಿದ ಮೇಲೆ ಬೀಜ ಅಲುಗುತ್ತಿರಲಿಲ್ಲ. ಮನೆಯ ಗೋಡೆಯ ತುಂಬ ಅಂಥ ಮೊರಗಳು ತೂಗಿದ್ದವು. ಧಾನ್ಯ ಕೇರಲು ಮೊರ ಸಿಗದೆ ಅಡಿಗೆಯವಳು ಗೊಣಗುತ್ತಿದ್ದಳು.

ಐವತ್ತನಾಲ್ಕನೆಯ ಇಸವಿ ಜನವರಿ. ಹುಣ್ಣಿಮೆ ಕಳೆದು ಸಂಜೆಗಳು ಕತ್ತಲಾಗಿದ್ದವು. ಅವರು ಪುಷ್ಯ ನಕ್ಷತ್ರದ ಗುಂಪನ್ನು ಮೊರಕ್ಕೆ ಇಳಿಸುತ್ತಿದ್ದರು. ಬರಿಗಣ್ಣಿಗೆ ಮಂಜಿನ ತುಣುಕಿನಂತೆ ಕಾಣುವುದು ದುರ್ಬೀನಿನಲ್ಲಿ ಚೆಲ್ಲಿದ ಅಕ್ಕಿಯಾಗಿ ಕಾಣುತ್ತದೆ. ಅದರ ಪಕ್ಕದಲ್ಲಿ ಮಂಕಾದ ಒಂದು ಚುಕ್ಕಿ ಇತ್ತು. ಪುಸ್ತಕದಲ್ಲಿ ಆ ಜಾಗ ಖಾಲಿ. ಪೂವಮ್ಮ ಅದಕ್ಕೂ ಒಂದು ಬೀಜ ಒತ್ತಿದಳು. ಮರುದಿನ ನೋಡಿದರೆ ಚುಕ್ಕಿ ಬೀಜ ಇದ್ದ ಜಾಗದಲ್ಲಿರಲಿಲ್ಲ, ಚಂದ್ರನ ಅರ್ಧ ಅಗಲದಷ್ಟು ಪಡುವಣಕ್ಕೆ ಸರಿದಿತ್ತು. ಅದರಾಚೆಯ ದಿನ ಇನ್ನಷ್ಟು. ಉಳಿದ ಬೀಜಗಳೆಲ್ಲ ತಮ್ಮ ತಮ್ಮ ನಕ್ಷತ್ರಕ್ಕೆ ಸರಿಯಾಗಿ ಕೂತಿದ್ದವು.

"ನಕ್ಷತ್ರ ನಡೆಯೋದಿಲ್ಲಮ್ಮ. ನಡೆಯೋದು ಗ್ರಹ," ಎಂದಳು ಪೂವಮ್ಮ.

"ಪುಸ್ತಕದಲ್ಲಿ ಇಲ್ಲವಾ?"

"ಇಲ್ಲ."

"ಹಾಗಾದರೆ ಹೊಸದು. ನಮ್ಮದು."

ಚೋಂದಮ್ಮನವರು ಒಳಗೆ ಹೋದರು. ಹೊರಗೆ ಬರುವಾಗ ಕೈಯಲ್ಲಿ ಗಂಡನ ಕೋವಿ ಇತ್ತು. ನಾನು ಏನು ಎತ್ತ ಎಂದು ಕೇಳುವ ಮೊದಲೇ ಆಕಾಶಕ್ಕೆ ಒಂದು ಗುಂಡು ಹಾರಿಸಿದರು. ಅವರ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕೊಡವರ ಮನೆಯಲ್ಲಿ ಸಾವಾದರೆ ಎರಡು ಗುಂಡು. ಗಂಡು ಮಗು ಹುಟ್ಟಿದರೆ ಒಂದು. ಶಬ್ದ ಕೇಳಿದವರಿಗೆ ಬೇರೆ ಯಾರೂ ಬಂದು ಹೇಳಬೇಕಾಗಿಲ್ಲ. ಇದು ಚೋಂದಮ್ಮನವರಿಗೆ ಗೊತ್ತಿರಲಿಲ್ಲ ಎಂದಲ್ಲ, ಗೊತ್ತಿದ್ದದ್ದಕ್ಕೇ ಹಾರಿಸಿದರು. ಹೊಸದೊಂದು ಹುಟ್ಟಿದೆ, ಒಂದು ಗುಂಡು ಸಲ್ಲಬೇಕು. ಅವರ ತಲೆಯಲ್ಲಿ ಇದ್ದದ್ದು ಅಷ್ಟೇ. ಹುಟ್ಟಿದ್ದು ಎಲ್ಲಿ ಎಂದು ನೆರೆಯವರಿಗೆ ಹೇಗೆ ತಿಳಿಯಬೇಕು ಎಂಬುದು ಹೊಳೆಯಲೇ ಇಲ್ಲ.

ಮೊದಲು ಓಡಿ ಬಂದವಳು ಲೈನಿನ ಜವರಿ. ಆ ಸುತ್ತಿನ ಹೆರಿಗೆಗಳೆಲ್ಲ ಅವಳ ಕೈಯಲ್ಲೇ ಆದದ್ದು. ಬಟ್ಟೆಗಂಟು ಕಂಕುಳಲ್ಲಿ ಇಟ್ಟುಕೊಂಡು ಏದುಸಿರು ಬಿಡುತ್ತ ನಿಂತಳು. "ನನ್ನ ಬಿಟ್ಟು ಯಾರ ಕೈಲಿ ಹೆರಿಗೆ ಮಾಡ್ಸಿದ್ರಿ ಅಮ್ಮಾ? ನಾನೇನು ಸತ್ತೋಗಿದ್ನಾ?" ಎಂದು ಮುಖ ಊದಿಸಿಕೊಂಡು ಕೇಳಿದಳು. ಅವಳ ಹಿಂದೆಯೇ ಅಕ್ಕಪಕ್ಕದ ಮನೆಗಳವರು ಲಾಟೀನು ಹಿಡಿದು ಬಂದರು. ಒಬ್ಬರ ಕೈಯಲ್ಲಿ ಕೋಳಿ, ಒಬ್ಬರ ಕೈಯಲ್ಲಿ ಮೊಟ್ಟೆ, ಇನ್ನೊಬ್ಬರ ಕೈಯಲ್ಲಿ ಜೇನಿನ ಬಾಟಲಿ.

"ಎಲ್ಲಿ ಮಗು?" ಎಂದರು.

ಚೋಂದಮ್ಮನವರು ನಗುತ್ತ ಆಕಾಶಕ್ಕೆ ಬೆರಳು ತೋರಿಸಿದರು. ಜನ ಮೇಲೆ ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಎಲ್ಲರ ಕಣ್ಣೂ ಬಾಗಿಲಲ್ಲಿ ನಿಂತಿದ್ದ ಪೂವಮ್ಮನ ಮೇಲೆ ಹೋಯಿತು. ಆ ಮನೆಯಲ್ಲಿ ಇದ್ದದ್ದು ಇಬ್ಬರೇ ಹೆಂಗಸರು. ಒಬ್ಬರು ವಿಧವೆ, ಇನ್ನೊಬ್ಬಳು ಮದುವೆ ಗೊತ್ತಾದ ಹುಡುಗಿ. ಚೋಂದಮ್ಮನವರ ನಗು ಆಗ ನಿಂತಿತು. ಕೋವಿಯನ್ನು ಮೆಲ್ಲನೆ ಗೋಡೆಗೆ ಒರಗಿಸಿ, "ಕೋಳಿ ತಂದವರು ಕೋಳಿ ವಾಪಸು ತಗೊಂಡು ಹೋಗಿ. ಇದು ಆಕಾಶದ ವಿಷಯ," ಎಂದರು. ಯಾರೂ ಒಂದು ಮಾತೂ ಆಡದೆ ಹೋದರು. ಆಡಿದ್ದರೆ ಚೆನ್ನಾಗಿತ್ತು.

ಬೆಳಗಿನ ಬಸ್ಸಿನಲ್ಲಿ ಸುದ್ದಿ ಹುದಿಕೇರಿಗೆ ಹೋಯಿತು. ಪೂವಮ್ಮನನ್ನು ತಂದುಕೊಳ್ಳಬೇಕಾಗಿದ್ದ ಮನೆ ಅಲ್ಲೇ. ಹುಡುಗ ಪೊನ್ನಪ್ಪ ಮದರಾಸಿನ ಕಾಲೇಜಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದ. ಅವನ ತಂದೆ ಬೋಜಪ್ಪನವರು ನಿವೃತ್ತ ಸುಬೇದಾರರು. ಎಲೆಯಡಿಕೆ ತಿನ್ನುವಾಗಲೂ ಬೆನ್ನು ಬಾಗದ ಮನುಷ್ಯ. ಹೊಸ ಅಕ್ಕಿಯ ಪುತ್ತರಿ ಹಬ್ಬದಲ್ಲಿ ಪೂವಮ್ಮನಿಗೆ ಜ್ವರ ಬಂದು ಹೊರಗೆ ಕಾಣಿಸಿಕೊಂಡಿರಲಿಲ್ಲ. ಈಗ ಜನ ಆ ಜ್ವರವನ್ನೂ ಹಿಡಿದು ಎಳೆದರು. "ಅದಕ್ಕೇ ಕಾಣಲಿಲ್ಲ ನೋಡು" ಎಂದು ಒಬ್ಬರು, "ತಾಯಿ ಮೈಮರೆತು ಗುಂಡು ಹಾರಿಸಿಬಿಟ್ಟಳು, ಈಗ ನಕ್ಷತ್ರದ ನೆಪ ಹೇಳ್ತಾಳೆ" ಎಂದು ಇನ್ನೊಬ್ಬರು. ನನಗೆ ಕೇಳಿಸುವಂತೆ ಆಡಿದವರನ್ನು ನಾನು ಸುಮ್ಮನೆ ಬಿಡಲಿಲ್ಲ. ಆದರೆ ರೈಟರ್ ಮಾತಿಗೆ ಏನು ಬೆಲೆ? ಅವನು ಚೋಂದಮ್ಮನವರ ಅನ್ನ ತಿನ್ನುವವನು.

ಸುಬೇದಾರರು ಮಗನನ್ನೂ ಕರೆದುಕೊಂಡು ಬಂದರು. ಪೊನ್ನಪ್ಪ ರಜೆಯ ಮೇಲೆ ಊರಿಗೆ ಬಂದಿದ್ದ. ಜಗಲಿಯಲ್ಲಿ ಕೂತು, ಕೊಟ್ಟ ಕಾಫಿಯನ್ನು ಮುಟ್ಟದೆ, "ಚೋಂದಮ್ಮ, ಊರು ಆಡುವ ಮಾತು ನಿಮಗೂ ಗೊತ್ತು. ನಾನು ಎಂತ ಉತ್ತರ ಹೇಳಲಿ?" ಎಂದರು.

"ಉತ್ತರ ಆಕಾಶದಲ್ಲಿ ಉಂಟು. ಕತ್ತಲಾಗುವವರೆಗೆ ಕೂತಿರಿ, ತೋರಿಸ್ತೇನೆ."

"ನೀವು ತೋರಿಸಿದ್ದನ್ನು ನಾನು ಯಾಕೆ ನಂಬಬೇಕು?"

"ನಂಬಬೇಡಿ. ನೀವೇ ಒತ್ತಿ."

ಕತ್ತಲಾದ ಮೇಲೆ ಹೊಸ ಮೊರ ಸಾರಿಸಿ ಅವರ ಮುಂದಿಟ್ಟರು. ಸುಬೇದಾರರು ದುರ್ಬೀನಿಗೆ ಕಣ್ಣಿಟ್ಟು, ಕಂಡ ಕಂಡ ಚುಕ್ಕಿಗೆ ತಮ್ಮ ಕೈಯಾರೆ ಬೀಜ ಒತ್ತಿದರು. ಮೊರವನ್ನು ತಾವೇ ಎತ್ತಿಕೊಂಡು ಹೋಗಿ ಬಾಳೆಲೆಯ ನೆಂಟರ ಮನೆಯಲ್ಲಿ ತಲೆಯ ಹತ್ತಿರ ಇಟ್ಟುಕೊಂಡು ಮಲಗಿದರಂತೆ. ಎರಡು ದಿನ ಬಿಟ್ಟು ಅದನ್ನು ಹಿಡಿದುಕೊಂಡೇ ಬಂದರು. ಚುಕ್ಕಿ ಅವರ ಬೀಜ ಬಿಟ್ಟು ಸರಿದಿತ್ತು. ಬಹಳ ಹೊತ್ತು ನೋಡಿದರು, ಕಣ್ಣುಜ್ಜಿಕೊಂಡು ಮತ್ತೆ ನೋಡಿದರು.

"ಏನೋ ನಡೆಯುತ್ತಾ ಉಂಟು, ಅದು ಸರಿ," ಎಂದರು. "ಆದರೆ ಅದು ಹೊಸದು ಅಂತ ನನಗೆ ಹೇಗೆ ಗೊತ್ತಾಗಬೇಕು? ಇವನು ಮದರಾಸಿಗೆ ಹೋಗಿ ತನ್ನ ಪ್ರೊಫೆಸರನ್ನು ಕೇಳಿ ಬರಲಿ. ಹೊಸ ಗ್ರಹ ಅಂತ ಅವರು ಹೇಳಿದರೆ ನಾನು ಊರಿಗೆ ಉತ್ತರ ಕೊಡ್ತೇನೆ, ಮದುವೆ ಆಗ್ತದೆ. ಇಲ್ಲದಿದ್ದರೆ ಹುಟ್ಟದ್ದಕ್ಕೆ ಗುಂಡು ಹಾರಿಸುವವರು ಯಾರು ಅಂತ ಜನ ಕೇಳ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ."

"ಕೇಳಿ ಬರಲಿ," ಎಂದರು ಚೋಂದಮ್ಮನವರು. ಎಳ್ಳಷ್ಟೂ ಅಳುಕಿಲ್ಲ. ಪೊನ್ನಪ್ಪ ಎಲ್ಲ ಸಂಜೆಗಳ ಬೀಜಗಳನ್ನೂ ಕಾಗದಕ್ಕೆ ಇಳಿಸಿಕೊಂಡು ರೈಲು ಹತ್ತಿದ.

ಅವನು ತಿರುಗಿ ಬರುವವರೆಗಿನ ದಿನಗಳಲ್ಲಿ ಮನೆಯಲ್ಲಿ ಮಾತಾಡುತ್ತಿದ್ದವರು ಚೋಂದಮ್ಮನವರು ಒಬ್ಬರೇ. ಆ ಗ್ರಹಕ್ಕೆ ಇಡಬೇಕಾದ ಹೆಸರನ್ನೂ ಯೋಚಿಸುತ್ತಿದ್ದರು. ಪೂವಮ್ಮ ಮಾತ್ರ ಬಾವಿಕಟ್ಟೆಯ ಹತ್ತಿರ ಹೆಂಗಸರು ಸುಮ್ಮನಾಗುವುದನ್ನು ನೋಡಿ ನೋಡಿ ಹೊರಗೆ ಹೋಗುವುದನ್ನೇ ಬಿಟ್ಟಳು. ಒಂದು ದಿನ ಕಾಫಿ ಸ್ಟೋರಿನ ಹಿಂದೆ ಅವಳು ಅಳುತ್ತಿದ್ದದ್ದನ್ನು ಕಂಡೆ. ನನ್ನ ಸ್ವಂತ ತಂಗಿಯಾಗಿದ್ದರೂ ಅಷ್ಟೇ ಸಂಕಟವಾಗುತ್ತಿತ್ತು. ದಾರಿ ಬದಲಿಸಿ ನಡೆದೆ.

ಪೊನ್ನಪ್ಪ ಬಂದ. ಮರುದಿನ ಎರಡೂ ಕಡೆಯ ಹಿರಿಯರು ಸೇರುವುದೆಂದು ಗೊತ್ತಾಗಿತ್ತು. ಇವನು ಹಿಂದಿನ ಮಧ್ಯಾಹ್ನವೇ ಒಬ್ಬನೇ ಬಂದು ಕಣದ ಅಂಚಿನಲ್ಲಿ ಕೂತ. ಮುಖ ನೋಡಿದಾಗಲೇ ನನಗೆ ಗೊತ್ತಾಯಿತು.

"ಹೊಸದಲ್ಲ," ಎಂದ. "ಮಂಗಳನಿಗೂ ಗುರುವಿಗೂ ನಡುವೆ ಸಾವಿರಾರು ಕಲ್ಲುಗಳು ಸೂರ್ಯನನ್ನು ಸುತ್ತುತ್ತಾ ಉಂಟು. ಕ್ಷುದ್ರಗ್ರಹ ಅಂತಾರೆ. ಆ ಪಟ್ಟಿಯ ಹೊರಗಿನ ಭಾಗದಲ್ಲಿ ಇರುವವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇದು. ಹೈಜೀಯ ಅಂತ ಹೆಸರು. ಒಂದು ಸುತ್ತು ಬರಲಿಕ್ಕೆ ಐದೂವರೆ ವರ್ಷ ಬೇಕು. ನಕ್ಷತ್ರದ ಪುಸ್ತಕದಲ್ಲಿ ಇದನ್ನು ಹಾಕೋದಿಲ್ಲ, ಇವತ್ತು ಇದ್ದ ಜಾಗದಲ್ಲಿ ನಾಳೆ ಇರೋದಿಲ್ಲವಲ್ಲ. ಇಟಲಿಯ ನೇಪಲ್ಸಿನಲ್ಲಿ ಒಬ್ಬರು ಸಾವಿರದ ಎಂಟುನೂರ ನಲವತ್ತೊಂಬತ್ತರಲ್ಲೇ ಕಂಡುಹಿಡಿದಿದ್ದಾರೆ."

ಚೋಂದಮ್ಮನವರು ಒಣಗುತ್ತಿದ್ದ ಕಾಫಿಯನ್ನು ಕಾಲಿನಿಂದ ಹರಡುತ್ತಿದ್ದರು. ಕಾಲು ನಿಂತಿತು. "ಅಷ್ಟು ದೊಡ್ಡದಕ್ಕೆ ಕ್ಷುದ್ರ ಅಂತ ಹೆಸರಿಟ್ಟವರು ಯಾರು?" ಎಂದು ಕೇಳಿದರು. ದನಿ ಮಾತ್ರ ಎಂದಿನದಾಗಿರಲಿಲ್ಲ.

ಪೊನ್ನಪ್ಪ ತಲೆ ತಗ್ಗಿಸಿಕೊಂಡೇ ಹೇಳಿದ. "ನಾನು ಅಪ್ಪನ ಹತ್ತಿರ ಹೊಸದು ಅಂತಲೇ ಹೇಳ್ತೇನೆ. ಯಾರು ಮದರಾಸಿಗೆ ಹೋಗಿ ಕೇಳ್ತಾರೆ? ನನಗೆ ಪೂವಮ್ಮನ ಮೇಲೆ ಅನುಮಾನ ಇಲ್ಲ. ಅಪ್ಪನಿಗೆ ಬೇಕಾದದ್ದು ಒಂದು ಮಾತು ಅಷ್ಟೇ, ಅದನ್ನು ಕೊಟ್ಟುಬಿಡುವ."

ಹುಡುಗ ಒಳ್ಳೆಯವನು. ನಾನೂ ಬಾಯಿ ಹಾಕಿದೆ. "ಅಮ್ಮಾವ್ರೇ, ಅವರು ಹೇಳೋದು ಸರಿ. ಯಾರಿಗೂ ನಷ್ಟ ಇಲ್ಲ," ಎಂದೆ. ಈಗಲೂ ಅದು ತಪ್ಪು ಸಲಹೆ ಎಂದು ನಾನು ಒಪ್ಪುವುದಿಲ್ಲ. ಒಬ್ಬ ಹುಡುಗಿಯ ಬಾಳು ಅಲ್ಲಿತ್ತು.

ಚೋಂದಮ್ಮನವರು ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ತಿರುಗಿದರು. "ನೀನು ಹೇಳು."

"ಮೊರದ ಮೇಲೆ ನಾವು ಒಂದು ಬೀಜವನ್ನೂ ಸುಳ್ಳಿಗೆ ಒತ್ತಿಲ್ಲಮ್ಮ," ಎಂದಳು ಪೂವಮ್ಮ. ಅಷ್ಟು ಹೇಳಿ ಒಳಗೆ ಹೋದಳು.

ಮರುದಿನ ಜಗಲಿ ತುಂಬ ಹಿರಿಯರು. ಕರೆಯದಿದ್ದ ನೆರೆಯವರೂ ಅಂಗಳದಲ್ಲಿ ಬಂದು ನಿಂತರು. ಜವರಿ ಕಂಬಕ್ಕೆ ಒರಗಿ ಕೂತಿದ್ದಳು. ಸುಬೇದಾರರು ಮಗನನ್ನು ನೋಡಿ, "ಮದರಾಸಿನವರು ಎಂತ ಹೇಳಿದರು?" ಎಂದರು. ಪೊನ್ನಪ್ಪ ಬಾಯಿ ತೆರೆಯುವ ಮೊದಲೇ ಚೋಂದಮ್ಮನವರು ಎದ್ದು ನಿಂತರು. ಎಲ್ಲರಿಗೂ ಕೇಳುವಂತೆ, ತೋಟದಲ್ಲಿ ಕೆಲಸ ಹಂಚುವ ದನಿಯಲ್ಲೇ ಹೇಳಿದರು.

"ಅದು ಹೊಸದಲ್ಲ. ನೂರು ವರ್ಷದ ಹಿಂದೆಯೇ ಇಟಲಿಯಲ್ಲಿ ಕಂಡುಹಿಡಿದಾಗಿದೆ. ಹೊಸದು ಅಂತ ನಾನು ಹೇಳಿದ್ದು ತಪ್ಪು. ಗುಂಡು ಹಾರಿಸಿದ್ದೂ ತಪ್ಪು. ಅಲ್ಲಿ ಒಂದು ಉಂಟು, ಅದು ನಡೀತದೆ ಅಂತ ಹೇಳಿದ್ದು ತಪ್ಪಲ್ಲ. ನಮಗೆ ಯಾರೂ ಹೇಳಿಕೊಡದೆ ನಾವಿಬ್ಬರೇ ಕಂಡದ್ದು. ಇನ್ನು ಉಳಿದದ್ದನ್ನು ನೀವು ಹೇಗೆ ಬೇಕಾದರೂ ತಿಳ್ಕೊಳ್ಳಿ."

ಅಂಗಳದಲ್ಲಿ ಗುಸುಗುಸು ಎದ್ದಿತು. ಒಬ್ಬ ಹಿರಿಯರು ಸುಬೇದಾರರ ತೋಳು ಮುಟ್ಟಿ, ಹೊರಡುವ ಎಂಬಂತೆ ಸನ್ನೆ ಮಾಡಿದರು. ಸುಬೇದಾರರು ಅಲುಗಲಿಲ್ಲ. ಮಗನ ಕಡೆ ತಿರುಗಿ, "ಇದು ಇವರಿಗೆ ನಿನ್ನೆಯೇ ಗೊತ್ತಿತ್ತಾ?" ಎಂದು ಕೇಳಿದರು.

"ಗೊತ್ತಿತ್ತು. ಹೊಸದು ಅಂತಲೇ ಹೇಳ್ತೇನೆ ಅಂದೆ. ಬೇಡ ಅಂದರು."

ಸುಬೇದಾರರು ತೋಳಿನ ಮೇಲಿದ್ದ ಕೈಯನ್ನು ಸರಿಸಿದರು. ಆಮೇಲೆ ಆ ಹಿರಿಯರಿಗೆ ಹೇಳಿದರು. "ಇವರು ಹೊಸದು ಅಂದಿದ್ದರೆ ನಾನು ನಂಬುತ್ತಿದ್ದೆ. ಈ ಊರಿನಲ್ಲಿ ಯಾರಿಗೂ ಅದು ಸುಳ್ಳು ಅಂತ ಗೊತ್ತಾಗುತ್ತಿರಲಿಲ್ಲ. ಮಗಳ ಮದುವೆ ಹೋದರೂ ಸರಿ ಅಂತ ಇಷ್ಟು ಜನರ ಎದುರು ನಿಜ ಹೇಳಿದರು. ಇಂಥವರು ಮನೆಯೊಳಗೆ ಒಂದು ಮಗುವನ್ನು ಮುಚ್ಚಿಡ್ತಾರಾ?" ಅಂಗಳದವರ ಕಡೆಯೂ ಒಮ್ಮೆ ನೋಡಿದರು. ಗುಸುಗುಸು ನಿಂತಿತು. "ನಮ್ಮ ಕಡೆಯಿಂದ ಒಪ್ಪಿಗೆ, ಚೋಂದಮ್ಮ."

ಎಲ್ಲ ಮುಗಿಯಿತು ಎಂದುಕೊಂಡೆ. ಚೋಂದಮ್ಮನವರು ಮಾತ್ರ ಕೂರಲಿಲ್ಲ. "ನಿಮ್ಮ ಒಪ್ಪಿಗೆ ಆಯ್ತು. ಇವಳದ್ದು ಇನ್ನೂ ಆಗಲಿಲ್ಲ," ಎಂದು ಬಾಗಿಲ ಕಡೆ ನೋಡಿದರು.

ಪೂವಮ್ಮ ಹೊಸ್ತಿಲು ದಾಟಿ ಬಂದಳು. ಇಷ್ಟು ದಿನ ಅತ್ತು ಕಣ್ಣು ಊದಿದ್ದರೂ ಮಾತು ನಡುಗಲಿಲ್ಲ.

"ನೀವು ಅಮ್ಮನನ್ನು ಕೇಳಿದಿರಿ," ಎಂದಳು ಸುಬೇದಾರರಿಗೆ. "ಊರನ್ನು ಕೇಳಿದಿರಿ. ಮದರಾಸಿಗೆ ಮಗನನ್ನು ಕಳಿಸಿ ಕೇಳಿಸಿದಿರಿ. ಮಾತು ಬಂದದ್ದು ನನ್ನ ಮೇಲೆ. ನನ್ನನ್ನು ಒಮ್ಮೆಯೂ ಕೇಳಲಿಲ್ಲ."

ನಾನೂ ಕೇಳಿರಲಿಲ್ಲ, ಅವಳ ತಾಯಿಯೂ ಕೇಳಿರಲಿಲ್ಲ. ಸುಬೇದಾರ್ ಬೋಜಪ್ಪನವರು ಕುರ್ಚಿಯಿಂದ ಎದ್ದರು. ಆ ವಯಸ್ಸಿನ ಹಿರಿಯರು ಒಬ್ಬ ಹುಡುಗಿಯ ಎದುರು ಎದ್ದು ನಿಂತದ್ದನ್ನು ನಾನು ಕೊಡಗಿನಲ್ಲಿ ಅದೊಂದೇ ಸಲ ನೋಡಿದ್ದು.

"ಕೇಳಬೇಕಾಗಿತ್ತು, ಮಗಳೇ. ತಪ್ಪಾಯಿತು," ಎಂದರು. "ಈ ಮನೆಯಲ್ಲಿ ಮಗು ಹುಟ್ಟಿತ್ತಾ?"

"ಇಲ್ಲ."

"ನಮ್ಮ ಮನೆಗೆ ಬರ್ತೀಯಾ?"

ಅವಳು ಪೊನ್ನಪ್ಪನನ್ನು ನೋಡಲಿಲ್ಲ, ತಾಯಿಯನ್ನು ನೋಡಲಿಲ್ಲ. ಎದ್ದು ನಿಂತಿದ್ದ ಆ ಮನುಷ್ಯನನ್ನೇ ನೋಡುತ್ತ ಯೋಚಿಸಿದಳು. ಅವಸರ ಮಾಡಲಿಲ್ಲ. ಅಷ್ಟು ಹೊತ್ತೂ ಸುಬೇದಾರರು ನಿಂತೇ ಇದ್ದರು.

"ಕೂತ್ಕೊಳ್ಳಿ, ಮಾವ," ಎಂದಳು.